ಹಿಂದಿನ ಸೀಟಿನ ಬಾಣಂತಿ

"ಜಾಗ ಇಲ್ಲ ಅನ್ನೋದು ಗಾಡಿ ನಿಲ್ಲಿಸೋಕೆ ಬಾರದವರ ಮಾತು ಕಣೇ! ಎರಡು ಲಾರಿಗಳ ನಡುವೆ ಕಾರು ತೂರಿಸಿ ನಿಲ್ಲಿಸಿದ ಕೈ ಇದು. ಜುಜುಬಿ ಐದು ಕೋಳಿ ನಿಲ್ಲಿಸೋಕೆ ಆಗಲ್ವಾ?"

ಹೀಗಂತ ಕ್ಲಚ್ ಮೇಷ್ಟ್ರು ಒಂದು ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲಿ ನಿಂತು ಘೋಷಿಸಿಬಿಟ್ಟರು.

ಮೇಷ್ಟ್ರದ್ದು ಡ್ರೈವಿಂಗ್ ಸ್ಕೂಲು. ಸ್ಕೂಲು ಅಂದರೆ ಗೇಟಿಗೆ ತಗುಲಿಸಿದ ಒಂದು ಬೋರ್ಡು, ಒಂದು ಮುದಿ ಕಾರು, ಮತ್ತೆ ಮೇಷ್ಟ್ರ ಗಂಟಲು, ಇಷ್ಟೇ. ಇಪ್ಪತ್ತೆರಡು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್! ಕ್ಲಚ್ ಒತ್ರೀ!" ಅಂತ ಅರಚಿ ಅರಚಿ, ಅವರ ನಿಜವಾದ ಹೆಸರು ಅವರ ಬ್ಯಾಂಕಿನವರಿಗೆ ಬಿಟ್ಟರೆ ಇನ್ಯಾರಿಗೂ ನೆನಪಿರಲಿಲ್ಲ.

ಅಂಗಳವೋ, ದೇವರೇ ಗತಿ! ಕಾರು ಒಳಗೆ ಬಂದು ನಿಂತಿತೆಂದರೆ ಗೋಡೆಗೂ ಕಾರಿಗೂ ನಡುವೆ ಉಳಿಯುತ್ತಿದ್ದದ್ದು ಮೂರೇ ಅಡಿ. ಮನೆಗೆ ಬರುವ ನೆಂಟರು ಉಸಿರು ಎಳೆದುಕೊಂಡು, ಹೊಟ್ಟೆ ಒಳಗೆ ಸೇರಿಸಿ, ಏಡಿಯ ಹಾಗೆ ಅಡ್ಡಡ್ಡ ನಡೆದು ಬಾಗಿಲು ಮುಟ್ಟಬೇಕಿತ್ತು.

ಆದರೆ ಮೇಷ್ಟ್ರು ಯಾರೋ ನಿವೃತ್ತ ಗುಮಾಸ್ತರ ಮನೆಯಲ್ಲಿ ಗಿಡ್ಡ ಜಾತಿಯ ಕೋಳಿಗಳನ್ನು ನೋಡಿಬಂದಿದ್ದರು. ಪಾರಿವಾಳಕ್ಕಿಂತ ಒಂದು ಸುತ್ತು ದಪ್ಪ, ಅಷ್ಟೇ. ಕಾಲಿನ ತುಂಬ ಪುಕ್ಕ, ಚಡ್ಡಿಯ ಮೇಲೆ ಚಡ್ಡಿ ಹಾಕಿಕೊಂಡ ಹಾಗೆ. ನೋಡಿದ ಗಳಿಗೆಯಲ್ಲೇ ಮನಸ್ಸು ಜಾರಿತ್ತು.

"ಗಿಡ್ಡ ಕೋಳಿ ಕಣೇ. ಹಾರಲ್ಲ, ಓಡಲ್ಲ, ಗಲಾಟೆ ಮಾಡಲ್ಲ. ನಿತ್ಯ ಮೊಟ್ಟೆ!"

"ಹಾರಲ್ಲ ಅಂತ ನಿಮಗ್ಯಾರು ಹೇಳಿದ್ರು?" ಎಂದು ಕೇಳಿದರು ಹೆಂಡತಿ. ಆಕೆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಹಿರಿಯ ನರ್ಸ್. ಸಾವಿರಾರು ಗಂಡಂದಿರ ಬಡಾಯಿಯನ್ನು ವಾರ್ಡಿನ ಬಾಗಿಲಲ್ಲೇ ಇಳಿಸಿದ ಅನುಭವಸ್ಥೆ.

"ನೋಡಿದ್ರೆ ಗೊತ್ತಾಗಲ್ವಾ? ರೆಕ್ಕೆ ಇಷ್ಟೇ ಇಷ್ಟಿದೆ!"

ಮಂಗಳವಾರಕ್ಕೆಲ್ಲ ಗೂಡು ತಯಾರು. ಹಣ್ಣಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೊಳೆ ಹೊಡೆದು, ಮುಂದೆ ಸುಣ್ಣದಲ್ಲಿ ಐದು ಚೌಕ ಎಳೆದು, ಒಳಹೋಗಲು ಒಂದು ಬಾಣದ ಗುರುತು, ಹೊರಬರಲು ಇನ್ನೊಂದು. ನಾಲ್ಕು ಹೇಂಟೆ, ಒಂದು ಹುಂಜ ಬಂದಿಳಿದವು. ಬಾಣದ ಗುರುತಿನ ಕಡೆ ಒಂದೂ ತಿರುಗಿ ನೋಡಲಿಲ್ಲ. ಅಂದು ಸಂಜೆ ಐದೂ ಭರ್‍ರಂತ ಹಾರಿ ಕಾರಿನ ತಲೆಯ ಮೇಲಿನ ಎಲ್ ಬೋರ್ಡಿನ ಮೇಲೆ ಸಾಲಾಗಿ ಕೂತವು.

"ಹಾರಲ್ಲ ಅಂದ್ರಲ್ಲ?"

"ಅದು ಹಾರಿದ್ದಲ್ಲ ಕಣೇ. ನೆಗೆದಿದ್ದು."

ಇಷ್ಟರಲ್ಲಿ ಮೇಷ್ಟ್ರ ಕುತ್ತಿಗೆಗೆ ಕುತ್ತು ಬಂತು. ಅದನ್ನು ತಂದವರು ಅತ್ತಿಗೆ, ಹೆಂಡತಿಯ ಅಕ್ಕ.

ಅತ್ತಿಗೆ ಪೇಟೆಯಲ್ಲಿ ಹೆಸರಾದ ದರ್ಜಿ. ಎರಡು ಶಾಲೆಗಳ ಸಮವಸ್ತ್ರ ಹೊಲಿಯುವ ಕೆಲಸ ಹಿಡಿದಿದ್ದರು. ಬಟ್ಟೆ ಸಾಗಿಸಲು ಪುಟ್ಟ ವ್ಯಾನೂ ಕೊಂಡು ಅಂಗಡಿಯ ಮುಂದೆ ನಿಲ್ಲಿಸಿದ್ದರು. ಇಲ್ಲದ್ದು ಲೈಸೆನ್ಸ್ ಒಂದೇ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಅದು. ಕಾರನ್ನೂ ಹಾಗೇ ತುಳಿಯುತ್ತಿದ್ದರು. ಹೊರಟರೆ ಉದ್ದ ಹೊಲಿಗೆ ಹಾಕಿದ ಹಾಗೆ ಒಂದೇ ಓಟ, ನಿಲ್ಲಿಸಿದರೆ ದಾರ ಕಡಿದ ಹಾಗೆ! ಮೂರು ಸಲ ಪರೀಕ್ಷೆಗೆ ಹೋಗಿ ಮೂರು ಸಲವೂ ಪರೀಕ್ಷಕರ ಹಣೆಯನ್ನು ಗಾಜಿಗೆ ಮುಟ್ಟಿಸಿ ಬಂದಿದ್ದರು. ಮೂರನೆಯ ಸಲ ಪರೀಕ್ಷಕರು ಹಣೆ ಉಜ್ಜಿಕೊಳ್ಳುತ್ತಾ ಮೇಷ್ಟ್ರನ್ನು ಪಕ್ಕಕ್ಕೆ ಕರೆದು, "ಇನ್ನೊಂದ್ಸಲ ಇವರನ್ನ ಹೀಗೇ ಕರ್ಕೊಂಡು ಬಂದ್ರೆ, ಅವರದ್ದಲ್ಲ, ನಿಮ್ಮ ಲೈಸೆನ್ಸ್ ನೋಡ್ಬೇಕಾಗುತ್ತೆ" ಅಂದಿದ್ದರು.

ಈ ಸಲದ ಅಭ್ಯಾಸದಲ್ಲಿ ಅತ್ತಿಗೆ ಒಂದು ಪ್ಲಾಸ್ಟಿಕ್ ಚೀಲವನ್ನು ನಾಯಿ ಅಂದುಕೊಂಡು ಬ್ರೇಕು ಒದ್ದರು. ಚೀಲ ಆರಾಮಾಗಿ ಹಾರಿಹೋಯಿತು. ಮೇಷ್ಟ್ರ ಕುತ್ತಿಗೆ ಮಾತ್ರ ಎಡಕ್ಕೆ ತಿರುಗಿ ಅಲ್ಲೇ ಬೀಡುಬಿಟ್ಟಿತು. ಡಾಕ್ಟರು ಕೊರಳಪಟ್ಟಿ ಹಾಕಿ ಎರಡು ವಾರ ರಜೆ ಬರೆದರು.

ಎರಡು ವಾರ ಕಾರು ಅಂಗಳದಲ್ಲಿ ಸುಮ್ಮನೆ ನಿಂತಿತು. ಅದರ ಹಿಂದಿನ ಎಡಗಡೆಯ ಗಾಜು ಇಳಿದದ್ದು ಮತ್ತೆ ಏರುತ್ತಿರಲಿಲ್ಲ. ರಿಪೇರಿ ಮಾಡಿಸೋಣ ಮಾಡಿಸೋಣ ಅಂತ ಮೇಷ್ಟ್ರು ಅದನ್ನು ಮುಂದೂಡುತ್ತಲೇ ಬಂದಿದ್ದರು.

ಪಟ್ಟಿ ಬಿಚ್ಚಿದ ದಿನ ಮೇಷ್ಟ್ರು ಒರೆಸುವ ಬಟ್ಟೆ ಹಿಡಿದು ಹಿಂದಿನ ಬಾಗಿಲು ತೆರೆದರು.

"ಕ್‍ರ್‍ರ್‍ರ್‍ರ್!"

ಬಟ್ಟೆ ಒಂದು ಕಡೆ, ಮೇಷ್ಟ್ರು ಒಂದು ಕಡೆ! ಹರಿದ ಸೀಟಿನ ಸ್ಪಂಜಿನ ಗುಳಿಯಲ್ಲಿ ಕಂದು ಬಣ್ಣದ ಹೇಂಟೆ ಉಬ್ಬಿ, ಅಗಲವಾಗಿ, ಮೈಯೆಲ್ಲ ಪುಕ್ಕ ಎಬ್ಬಿಸಿ ಕೂತಿತ್ತು. ಕಣ್ಣಲ್ಲಿ ಬೆಂಕಿ. ಕೈ ಹಾಕಿದ ಮೇಷ್ಟ್ರ ಹೆಬ್ಬೆರಳಿಗೆ ಸರಿಯಾಗಿ ಒಂದು ಕುಕ್ಕು ಬಿತ್ತು.

"ಲೇ! ಬಾರೇ ಇಲ್ಲಿ! ಕೋಳಿಗೆ ಏನೋ ಆಗಿದೆ!"

ಹೆಂಡತಿ ಬಂದು ಬಗ್ಗಿ ನೋಡಿದರು. ನುರಿತ ಕೈಯನ್ನು ಮೆತ್ತಗೆ ಕೋಳಿಯ ಕೆಳಗೆ ತೂರಿಸಿದರು. ಆಶ್ಚರ್ಯ! ಕೋಳಿ ಕುಕ್ಕಲಿಲ್ಲ.

"ಏಳು ಮೊಟ್ಟೆ. ಕಾವಿಗೆ ಕೂತಿದೆ ರೀ. ಎರಡು ದಿನದಿಂದ ಸಂಜೆ ಲೆಕ್ಕಕ್ಕೆ ಒಂದು ಕೋಳಿ ಕಮ್ಮಿ ಬರ್ತಿತ್ತಲ್ಲ, ಇದೇ. ಇನ್ನು ಹತ್ತೊಂಬತ್ತು ದಿನ."

"ಹತ್ತೊಂಬತ್ತು ದಿನ ಏನು?"

"ಹೆರಿಗೆಗೆ."

"ಅಯ್ಯೋ, ಇದು ನನ್ನ ಸ್ಕೂಲು ಕಣೇ!"

"ಈಗ ವಾರ್ಡು."

ಮೇಷ್ಟ್ರು ಸುಲಭಕ್ಕೆ ಬಗ್ಗುವವರಲ್ಲ. ಹೆಂಡತಿ ಡ್ಯೂಟಿಗೆ ಹೋದ ಮೇಲೆ ದಪ್ಪ ಕೈಗವಸು ಹಾಕಿ, ಕೋಳಿಯನ್ನೂ ಮೊಟ್ಟೆಗಳನ್ನೂ ಗೂಡಿಗೆ ಸಾಗಿಸಿದರು. ಕೋಳಿ ಮೊಟ್ಟೆಗಳನ್ನು ಪರರ ಮಕ್ಕಳಂತೆ ನೋಡಿ, ಹಾರಿ ಕಿಟಕಿಯಿಂದ ಕಾರಿನೊಳಗೆ ಹೋಗಿ ಖಾಲಿ ಗುಳಿಯಲ್ಲಿ ಕೂತಿತು. ಮೇಷ್ಟ್ರು ಮತ್ತೆ ಎತ್ತಿದರು. ಅದು ಮತ್ತೆ ಹಾರಿತು. ಐದನೆಯ ಸಲಕ್ಕೆ ಕೈಗವಸು ಚಿಂದಿ, ಮೇಷ್ಟ್ರಿಗೇ ಏದುಸಿರು. ಹೆಂಡತಿ ಬರುವ ಹೊತ್ತಿಗೆ ಏಳೂ ಮೊಟ್ಟೆಗಳನ್ನು ಕಳ್ಳಮಾಲು ಮರಳಿಸಿದ ಹಾಗೆ ಕೋಳಿಯ ಕೆಳಗೆ ಸೇರಿಸಿ, ಪೇಪರ್ ಓದುತ್ತಾ ಕೂತರು.

"ಏನ್ರೀ, ಹತ್ತು ಬೆರಳಿಗೂ ಪ್ಲಾಸ್ಟರ್ ಹಾಕ್ಕೊಂಡಿದ್ದೀರಿ?"

"ಪೇಪರ್ ಅಂಚು ತಗುಲಿತು."

ಇರುವುದೊಂದೇ ಕಾರು. ಪಾಠ ನಿಲ್ಲಿಸುವ ಹಾಗಿಲ್ಲ. ಕೋಳಿ ಇಳಿಯುವುದಿಲ್ಲ. ಸರಿ, ಕೋಳಿಯನ್ನು ಕೂರಿಸಿಕೊಂಡೇ ಪಾಠ ಶುರುವಾಯಿತು. ಅದು ಇಡೀ ದಿನಕ್ಕೆ ಒಂದೇ ಸಲ ಇಳಿದು, ಗಬಗಬ ತಿಂದು, ನೀರು ಕುಡಿದು ಮತ್ತೆ ಸೀಟಿಗೆ ಹಾಜರು.

ವಿಚಿತ್ರ ಅಂದರೆ ಆಗ ನಡೆದದ್ದು. ಅತ್ತಿಗೆ ಮೊದಲ ದಿನ ಎಂದಿನ ಹಾಗೆ ಬ್ರೇಕು ಒದ್ದರು. ಹಿಂದಿನಿಂದ "ಕ್ಯಾಂವ್!" ಅಂತ ಒಂದು ಚೀತ್ಕಾರ! ಅತ್ತಿಗೆ ಗಕ್ಕನೆ ಹಿಂದೆ ತಿರುಗಿದರು.

"ಅಯ್ಯೋ, ಒಡೀತಾ ಮೇಷ್ಟ್ರೇ?"

"ನನ್ನ ಕುತ್ತಿಗೆ ಮುರಿದಾಗ ಹೀಗೆ ಕೇಳಿದ್ರಾ ಅತ್ತಿಗೆ?"

"ನಿಮಗೇನು, ಗಟ್ಟಿ ಜೀವ. ಪಾಪ, ಅದು ಬಸುರಿ ಬಾಣಂತಿ."

ಮೊಟ್ಟೆ ಒಡೆದಿರಲಿಲ್ಲ. ಆದರೆ ಅಂದಿನಿಂದ ಅತ್ತಿಗೆಯ ಕಾಲಿಗೆ ಬುದ್ಧಿ ಬಂತು. ಬ್ರೇಕಿನ ಮೇಲೆ ಕಾಲಿಟ್ಟರೆ ಮಲಗಿದ ಮಗುವಿಗೆ ಹೊದಿಕೆ ಹೊದಿಸಿದಂತೆ. ತಿರುವಿನಲ್ಲಿ ರೇಷ್ಮೆ ಬಟ್ಟೆ ಕತ್ತರಿಸುವ ನಾಜೂಕು. ಗುಂಡಿ ಬಂದರೆ ಮೇಷ್ಟ್ರಿಗಿಂತ ಮುಂಚೆ ಅವರಿಗೇ ಕಾಣುತ್ತಿತ್ತು. ಮೇಷ್ಟ್ರು "ಕ್ಲಚ್!" ಅಂತ ಬಾಯಿ ತೆರೆದರೆ, ಅತ್ತಿಗೆ "ಶ್! ಮಲಗಿದೆ" ಅನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಮೇಷ್ಟ್ರ ಗಂಟಲಿಗೆ ರಜೆ ಸಿಕ್ಕಿತು. ಕೆಲಸವೇ ಇಲ್ಲದ ಮನುಷ್ಯನ ಹಾಗೆ ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತಿರುತ್ತಿದ್ದರು.

ಎಲ್ಲಾ ಸರಿಹೋಯಿತು ಅನ್ನುವಷ್ಟರಲ್ಲಿ ಪರೀಕ್ಷೆಯ ಚೀಟಿ ಬಂತು. ದಿನಾಂಕ ನೋಡಿದ ಹೆಂಡತಿ ಹುಬ್ಬೇರಿಸಿದರು.

"ಅವತ್ತೇ ರೀ ಹೆರಿಗೆ."

"ಪರೀಕ್ಷೆ ಮುಂದೂಡಿದ್ರೆ?"

"ಮತ್ತೆ ಸರದಿ ಬರೋಕೆ ನಾಲ್ಕು ತಿಂಗಳು. ಮುಂದಿನ ತಿಂಗಳು ಶಾಲೆ ಶುರು. ಅಕ್ಕ ನಮ್ಮಿಬ್ಬರನ್ನೂ ಹೊಲಿದುಬಿಡ್ತಾಳೆ."

ಪರೀಕ್ಷೆಯ ಬೆಳಿಗ್ಗೆ ಹೆಂಡತಿ ಕೋಳಿಯ ಮೇಲೊಂದು ಬುಟ್ಟಿ ಬೋರಲು ಹಾಕಿ, ಮೇಲೆ ಟವಲು ಹೊದಿಸಿದರು. "ಒಂದು ಮೊಟ್ಟೆ ಆಗಲೇ ಬಿರುಕು ಬಿಟ್ಟಿದೆ. ಮರಿ ಹೊರಗೆ ಬಂದಾಗ ಒದ್ದೆ ಇರುತ್ತೆ. ಗಾಳಿ ತಗುಲಬಾರದು, ತಿಳೀತಾ? ಬೆಚ್ಚಗಿರಬೇಕು." ಹೆದರಿದ ಗಂಡಂದಿರಿಗೆ ಹೇಳುವ ಅದೇ ದನಿ!

ಪರೀಕ್ಷಕರು ಬಂದರು. ಅತ್ತಿಗೆಯ ಮುಖ ನೋಡಿದ ಕೂಡಲೇ ಅವರ ಕೈ ತಾನಾಗಿ ಹಣೆಯ ಕಡೆ ಹೋಯಿತು. ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿಕೊಂಡರು.

"ಮೇಷ್ಟ್ರೇ, ನೀವು ಹಿಂದೆ. ಬಾಯಿ ಬಿಡೋ ಹಾಗಿಲ್ಲ. ಏನದು ಬುಟ್ಟಿ?"

"ಬಟ್ಟೆ ಸಾರ್. ಇಸ್ತ್ರಿಗೆ ಕೊಡಬೇಕು."

ಕಾರು ಹೊರಟಿತು. ಪರೀಕ್ಷಕರು ಎರಡೂ ಕೈಗಳಿಂದ ಮುಂದಿನ ಡ್ಯಾಶ್‌ಬೋರ್ಡನ್ನು ಹಿಡಿದು, ಕಣ್ಣು ಮುಚ್ಚಿ ಕಾದರು. ಏನೂ ಆಗಲಿಲ್ಲ. ಮೊದಲನೇ ತಿರುವು ಕಳೆಯಿತು. ಒಂದು ಕಣ್ಣು ತೆರೆದರು. ಎರಡನೇ ತಿರುವೂ ಕಳೆಯಿತು. ಎರಡೂ ಕಣ್ಣು ತೆರೆದರು.

ಆಗ ಬುಟ್ಟಿಯೊಳಗಿಂದ: "ಚಿಂವ್."

"ಏನದು?"

"ಮೊಬೈಲು ಸಾರ್!"

"ಚಿಂವ್ ಚಿಂವ್."

"ಆಫ್ ಮಾಡ್ರೀ!"

"ಆಫ್ ಆಗೋ ಜಾತಿ ಅಲ್ಲ ಸಾರ್ ಇದು."

ಅಷ್ಟರಲ್ಲಿ ಪಕ್ಕದಲ್ಲೇ ಒಂದು ಲಾರಿ ಆಕಾಶ ಹರಿಯುವ ಹಾಗೆ ಹಾರ್ನ್ ಹೊಡೆಯಿತು! ಬುಟ್ಟಿ ಗಾಳಿಗೆ ಎದ್ದಿತು. ಟವಲು ಮೇಷ್ಟ್ರ ತಲೆಗೆ ಮುಂಡಾಸಾಯಿತು. ಹೇಂಟೆ ಕಾರಿನ ಒಳಗೆಲ್ಲ ಒಂದು ಪ್ರದಕ್ಷಿಣೆ ಹಾಕಿ, ಪರೀಕ್ಷಕರ ತೊಡೆಯ ಮೇಲಿದ್ದ ಫೈಲಿನ ಮೇಲೆ ಇಳಿದು, ಅವರ ಮುಖವನ್ನೇ ಅಧಿಕಾರಿಯ ಹಾಗೆ ದಿಟ್ಟಿಸಿತು. ಅದೇ ಗಳಿಗೆಯಲ್ಲಿ ಒಬ್ಬ ಸೈಕಲ್ಲಿನವನು ಅಡ್ಡ ಬಂದ.

ಮೇಷ್ಟ್ರು ಕಣ್ಣು ಮುಚ್ಚಿದರು. ಸ್ಕೂಲು ಹೋಯಿತು, ಬೋರ್ಡು ಹೋಯಿತು, ಕುತ್ತಿಗೆಯೂ ಇನ್ನೊಂದು ಸಲ ಹೋಯಿತು!

ಕಾರು ನಿಂತಿತು. ನಿಂತದ್ದೇ ಗೊತ್ತಾಗದ ಹಾಗೆ ನಿಂತಿತು. ಅತ್ತಿಗೆ ಸೈಕಲ್ಲಿನವನಿಗೆ ದಾರಿ ಕೊಟ್ಟು, ಇಂಡಿಕೇಟರ್ ಹಾಕಿ, ಮೆಲ್ಲಗೆ ರಸ್ತೆಯ ಅಂಚಿಗೆ ತಂದು, ಹ್ಯಾಂಡ್ ಬ್ರೇಕು ಎಳೆದು, "ಈಗ ಹೆದರ್ಕೋಬೇಡ ಕಂದಾ" ಅಂದರು. ಹೇಳಿದ್ದು ಕೋಳಿಗೋ ಪರೀಕ್ಷಕರಿಗೋ, ಗೊತ್ತಾಗಲಿಲ್ಲ.

ಹಿಂದಿನ ಸೀಟಿನಲ್ಲಿ ಮಾತ್ರ ದೊಡ್ಡ ಅನಾಹುತ. ಗುಳಿಯಲ್ಲಿ ಎರಡು ಒದ್ದೆ ಮರಿಗಳು, ಐದು ಮೊಟ್ಟೆಗಳು, ಏರದ ಗಾಜಿನಿಂದ ಭರೋ ಎನ್ನುವ ತಣ್ಣನೆ ಗಾಳಿ! ಹೆಂಡತಿಯ ದನಿ ಮೇಷ್ಟ್ರ ಕಿವಿಯಲ್ಲಿ ಮೊಳಗಿತು. ಹಿಂದುಮುಂದು ನೋಡದೆ ಅಂಗಿಯ ಎರಡು ಗುಂಡಿ ಬಿಚ್ಚಿ, ಮರಿಗಳನ್ನೂ ಮೊಟ್ಟೆಗಳನ್ನೂ ಒಂದೊಂದಾಗಿ ಒಳಗೆ ಸೇರಿಸಿ, ಹೊಟ್ಟೆಯ ಮೇಲೆ ಕೈಯಿಟ್ಟು ಒರಗಿಬಿಟ್ಟರು.

ಹೇಂಟೆ ಫೈಲಿನಿಂದ ಹಾರಿ ಗುಳಿಗೆ ಬಂತು. ಖಾಲಿ! ಅತ್ತ ನೋಡಿತು, ಇತ್ತ ನೋಡಿತು. ಮೇಷ್ಟ್ರ ಅಂಗಿಯೊಳಗಿಂದ "ಚಿಂವ್" ಕೇಳಿಸಿತು. ಹತ್ತಿ ಬಂದು ಮೇಷ್ಟ್ರ ಹೊಟ್ಟೆಯ ಮೇಲೆ ಪುಕ್ಕ ಅಗಲಿಸಿ ಕೂತೇಬಿಟ್ಟಿತು.

ಪರೀಕ್ಷಕರು ಹಿಂದೆ ತಿರುಗಿ ನೋಡಿದರು. ಆಮೇಲೆ ಕೆಮ್ಮಿ, ಫೈಲಿನ ಮೇಲಿನ ಪುಕ್ಕ ಊದಿ, ಸಹಿ ಹಾಕಿದರು.

"ಪಾಸು. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇಂಥಾ ಬ್ರೇಕು ನೋಡಿಲ್ಲಮ್ಮ. ಯಾರು ಕಲಿಸಿದ್ದು?"

ಮೇಷ್ಟ್ರು ಎದೆಯುಬ್ಬಿಸಲು ಹೋದರು. ಎದೆಯವರೆಗೂ ಕೋಳಿ ಹರಡಿಕೊಂಡಿತ್ತು.

"ಅದೇ ಸಾರ್" ಎಂದರು ಅತ್ತಿಗೆ ಮುಗ್ಧವಾಗಿ. "ನಮ್ಮ ಮೇಷ್ಟ್ರ ಮೇಲೆ ಕೂತಿದೆಯಲ್ಲ, ಅದು."

ಮನೆಯವರೆಗೂ ಅತ್ತಿಗೆಯದೇ ಸಾರಥ್ಯ. ಹಿಂದೆ ಮೇಷ್ಟ್ರು ತುಟಿ ಕಚ್ಚಿಕೊಂಡು ಒರಗಿದ್ದರು. ಅಂಗಿಯೊಳಗೆ ಒಂದೊಂದು ಮೊಟ್ಟೆ ಬಿರಿದಾಗಲೂ ಕಚಗುಳಿಗೆ ನಗು ಬರುತ್ತಿತ್ತು. ನಕ್ಕರೆ ಹೊಟ್ಟೆ ಕುಣಿಯುತ್ತದೆ, ಹೊಟ್ಟೆ ಕುಣಿದರೆ ಕೋಳಿ ಕುಕ್ಕುತ್ತದೆ.

ಗೇಟಿನಲ್ಲಿ ಕಾಯುತ್ತಿದ್ದ ಹೆಂಡತಿ ಅಕ್ಕನ ಕೈ ಕುಲುಕಿ, ಹಿಂದಿನ ಬಾಗಿಲು ತೆರೆದು, ಮೇಷ್ಟ್ರ ಅಂಗಿಯೊಳಗೆ ಕೈ ಆಡಿಸಿದರು.

"ಐದು ಮರಿ. ಎಲ್ಲಾ ಚೆನ್ನಾಗಿವೆ. ಇನ್ನೆರಡು ಮೊಟ್ಟೆ ಬಾಕಿ."

"ಸರಿ, ತಗೊಳ್ಳೇ ಇವನ್ನ. ಸೊಂಟ ಹಿಡ್ಕೊಂಡಿದೆ, ಇಳೀತೀನಿ."

"ಅಲುಗಾಡಬೇಡಿ!" ಹೆಂಡತಿ ಅವರ ಭುಜ ಒತ್ತಿ ಮತ್ತೆ ಒರಗಿಸಿ, ತಲೆಯ ಹಿಂದೊಂದು ದಿಂಬು ಕೊಟ್ಟರು. "ಈಗಷ್ಟೇ ತಾಯಿ ಸುಧಾರಿಸ್ಕೊಂಡಿದೆ. ಎಬ್ಬಿಸಿದ್ರೆ ಮತ್ತೆ ಕೂರಲ್ಲ."

"ಹಾಗಾದ್ರೆ ಇನ್ನೂ ಎಷ್ಟು ಹೊತ್ತೇ?"

ಹೆಂಡತಿ ಮೇಷ್ಟ್ರ ಕೈ ಹಿಡಿದು ನಾಡಿ ನೋಡಿ, ಗಡಿಯಾರ ನೋಡಿ, ಬೆನ್ನು ತಟ್ಟಿದರು.

"ನಿಮಗಿದು ಚೊಚ್ಚಲು ಅಲ್ವಾ, ಸ್ವಲ್ಪ ತಡ ಆಗುತ್ತೆ."