ಪಡಸಾಲೆಯಲ್ಲೊಂದು ಡೀಸೆಲ್ ಎಂಜಿನ್

ಸಾವಾದ ಮನೆಗೆ ಮಾತಾಡಿಸಲು ಬರುವವರ ಕಷ್ಟ ದೊಡ್ಡದು. ಅಳುವುದು ಹತ್ತಿರದವರ ಕೆಲಸ. ಉಳಿದವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು, ಗೋಡೆಗೆ ಒರಗಿ ಕೂತು, 'ಹಿಂಗಾಗಬಾರದಿತ್ತು' ಎಂದಾದ ಮೇಲೆ ಇನ್ನೇನು ಹೇಳಬೇಕು? ಆಗ ಅವರ ಕಣ್ಣು ನಿಲ್ಲಲು ಒಂದು ಜಾಗ ಹುಡುಕುತ್ತದೆ. ಕೆಲವರ ಮನೆಯಲ್ಲಿ ಗಡಿಯಾರ ಸಿಗುತ್ತದೆ, ಕೆಲವರ ಮನೆಯಲ್ಲಿ ಕ್ಯಾಲೆಂಡರ್. ಮೂಡಲಗಿಯ ನಮ್ಮ ಮನೆಯ ಪಡಸಾಲೆಯಲ್ಲಿ, ನಟ್ಟನಡುವೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅರ್ಧ ಜೋಡಿಸಿದ ಡೀಸೆಲ್ ಎಂಜಿನ್ ಇತ್ತು.

ಅದು ನಮ್ಮ ಮನೆಯವರದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳನ್ನು ತೂಗುವ ಕೆಲಸ ಮಾಡಿ ನಿವೃತ್ತರಾದವರು. ಚಿಕ್ಕವರಿದ್ದಾಗ ಯಾರೋ ಸಾಹೇಬರ ಜೀಪು ಎರೆಮಣ್ಣಿನ ಕೆಸರಿನಲ್ಲಿ ಹೊಟ್ಟೆಯವರೆಗೆ ಹೂತು, ಯಾರೂ ನೂಕದೆ ತಾನೇ ಎದ್ದು ಬಂದದ್ದನ್ನು ನೋಡಿದ್ದರಂತೆ. 'ನಾಲ್ಕೂ ಗಾಲಿ ತಿರಗತಾವ ಅದರವು' ಎಂದು ಮದುವೆಯಾದ ಹೊಸತರಲ್ಲೇ ನನಗೆ ಹೇಳಿದ್ದರು. ಹೊಸ ಹೆಂಡತಿಗೆ ಹೇಳಲು ಅವರಿಗೆ ಸಿಕ್ಕ ಮಾತು ಅದು. ನಿವೃತ್ತರಾದ ಮೇಲೆ ಅಂಥದೇ ಒಂದು ಹಳೆಯ ಜೀಪನ್ನು ಹುಡುಕಿ ತಂದರು. ಅದರ ಪೆಟ್ರೋಲ್ ಎಂಜಿನ್ ಯಾವಾಗಲೋ ಸತ್ತಿತ್ತು. ಅದರ ಜಾಗಕ್ಕೆ ಗೋಕಾಕದ ಗುಜರಿಯಿಂದ ಒಂದು ಡೀಸೆಲ್ ಎಂಜಿನ್ ತಂದು, ಮೊಬೈಲಿನಲ್ಲಿ ವಿಡಿಯೋ ನೋಡುತ್ತ ಬಿಚ್ಚಿದರು, ತೊಳೆದರು, ಮತ್ತೆ ಜೋಡಿಸತೊಡಗಿದರು. ಬ್ಯಾಟರಿ ಹಿಡಿದು ಬೆಳಕು ಬಿಡುವ ಕೆಲಸ ನನ್ನದು. ಶಾಲೆಯಲ್ಲಿ ಇಡೀ ದಿನ ಮಕ್ಕಳಿಗೆ ವ್ಯಾಕರಣ ಹೇಳಿ ಬಂದವಳು ಸಂಜೆ ಪಿಸ್ಟನ್ನಿನ ತಲೆಗೆ ಬೆಳಕು ಹಿಡಿಯುತ್ತಿದ್ದೆ.

ಒಂದು ಮುಂಜಾನೆ ಚಹಾ ಕೇಳಿದರು. ತಂದು ನೋಡಿದರೆ ಎಂಜಿನ್ನಿಗೆ ಕಿವಿ ಹಚ್ಚಿ ಕೂತಿದ್ದಾರೆ. ಆಗಾಗ ಹಾಗೆ ಕೂರುವುದಿತ್ತು. ಒಳಗೆ ಏನು ಕೇಳಿಸುತ್ತದೋ ದೇವರಿಗೇ ಗೊತ್ತು. 'ಆರತೈತಿ, ಕುಡೀರಿ ಮೊದಲ' ಎಂದು ಗದರಿ, ಲೋಟ ಪಕ್ಕದಲ್ಲಿಟ್ಟು ಒಳಗೆ ಹೋದೆ. ರೊಟ್ಟಿ ಬಡಿದು ಹೊರಗೆ ಬಂದಾಗ ಚಹಾದ ಮೇಲೆ ಕೆನೆ ಕಟ್ಟಿತ್ತು. ಅವರು ಹಾಗೇ ಕೂತಿದ್ದರು.

ಎಂಜಿನ್ ಸರಿಸುವುದು ನಾಲ್ಕು ಮಂದಿಯಿಂದಲೂ ಆಗಲಿಲ್ಲ. ಹೀಗಾಗಿ ಅವರನ್ನು ಅದರ ಬಾಜೂಕ್ಕೇ ಮಲಗಿಸಿದರು. ಊದಿನಕಡ್ಡಿ ಸಿಗಿಸಲು ಏನೂ ಸಿಗದೆ ಯಾರೋ ಎಂಜಿನ್ನಿನ ಬೋಲ್ಟಿನ ತೂತಿನಲ್ಲಿ ಸಿಗಿಸಿದರು. ಎತ್ತಿಕೊಂಡು ಹೋಗುವಾಗ ಎಲ್ಲರೂ ಅದಕ್ಕೊಂದು ಅರ್ಧ ಸುತ್ತು ಹಾಕಬೇಕಾಯಿತು. ನೋಡುವವರಿಗೆ ಅದೂ ಒಂದು ಶಾಸ್ತ್ರವೆನಿಸಿರಬೇಕು.

ಆಮೇಲೆ ಬಂದವರೆಲ್ಲ ಕಣ್ಣೊರೆಸಿಕೊಂಡು ಎಂಜಿನ್ ನೋಡುತ್ತಿದ್ದರು. 'ಎಣ್ಣಿ ಹಚ್ಚಿ ಇಡ್ರಿ, ಜಂಗ ತಿಂತೈತಿ' ಎಂದು ಒಬ್ಬರು. ಯಮಕನಮರಡಿಯಿಂದ ಬಂದ ನಮ್ಮವರ ಸೋದರಮಾವ ನಿಟ್ಟುಸಿರು ಬಿಟ್ಟು, 'ರೇಡಿಯೇಟರ್ ದೊಡ್ಡದ ಬೇಕಾಗತೈತಿ ಇದಕ್ಕ' ಎಂದರು. ಹುಕ್ಕೇರಿಯ ನನ್ನ ಮೈದುನ ಮಹಾದೇವ ಮಾತ್ರ ಅದರ ಕಡೆ ನೋಡಲಾರದೆ ಮುಖ ತಿರುಗಿಸಿ ಕೂತಿದ್ದ.

'ವೈನಿ, ಇದನ್ನ ಗುಜರಿಯವಗ ಕೊಟ್ಟಬಿಡೂಣ್ರಿ. ನೋಡಿದಾಗೊಮ್ಮೆ ನಿಮಗ ಅಣ್ಣಾನ ನೆನಪ ಬರತೈತಿ' ಎಂದ.

'ಬರಬಾರದು ಅಂತ ನಿನಗ್ಯಾರ ಹೇಳ್ಯಾರ?' ಎಂದೆ.

ಸಿಟ್ಟಿನಲ್ಲಿ ಆಡಿದ ಮಾತು. ಆಡಿದ ಮೇಲೆ ಏನಾದರೂ ಮಾಡಲೇಬೇಕಾಯಿತು. ಹತ್ತು ಮಂದಿಯನ್ನು ಹಚ್ಚಿ ಎಂಜಿನ್ನನ್ನು ಟೆಂಪೋದಲ್ಲಿ ಹೇರಿಸಿ, ಜೀಪನ್ನು ಅದರ ಹಿಂದೆ ಕಟ್ಟಿಸಿ ಘಟಪ್ರಭಾದ ಇಮಾಮ್ ಮಿಸ್ತ್ರಿಯ ಗ್ಯಾರೇಜಿಗೆ ಒಯ್ದೆ. ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಾರೆಂದು ನಮ್ಮವರನ್ನು ಕಂಡರೆ ಒಳಗೆ ಅಡಗುತ್ತಿದ್ದ ಮನುಷ್ಯ ಅವನು. ಈಗ ಅಡಗಲು ಕಾರಣ ಉಳಿದಿರಲಿಲ್ಲ. ಎಂಜಿನ್ ತಿರುಗಿಸಿ ನೋಡಿದ. ತಿರುಗಲಿಲ್ಲ. ಬೋಲ್ಟಿನ ತೂತಿನಲ್ಲಿ ಬೆರಳಾಡಿಸಿ, 'ಅಕ್ಕಾರ, ಇದರಾಗ ಬೂದಿ ಹ್ಯಾಂಗ ಬಂತ್ರಿ?' ಎಂದ. ಹೇಳಿದೆ. ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳಲು ಹೋದವನು ತಡೆದು, ಏನು ಮಾಡಬೇಕೆಂದು ತಿಳಿಯದೆ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದು ನಿಂತ.

'ಸಾಹೇಬ್ರು ಚಲೋ ಮಾಡ್ಯಾರ್ರಿ' ಎಂದ ಕೊನೆಗೆ.

'ಖರೆ ಹೇಳ್ರಿ.'

'ಬೇರಿಂಗಿನ ಮುಚ್ಚಳ ಅದಲುಬದಲ ಆಗ್ಯಾವ್ರಿ, ಅದಕ್ಕ ತಿರಗವಲ್ದು. ಎಲ್ಲಾ ಬಿಚ್ಚಿ ಮತ್ತ ಕೂಡಿಸಬೇಕು. ಬ್ಯಾಡಂದ್ರ ಹಿಂಗ ಇಟ್ಕೋರಿ, ನೆನಪಿಗೆ.'

ನಾನು ಬಸ್ ಹತ್ತಿ ಮನೆಗೆ ಬಂದೆ. ಅವರ ಅಂಗಿಗಳನ್ನು ಆಗಲೇ ಬೇರೆಯವರಿಗೆ ಕೊಟ್ಟಿದ್ದೆ. ಹಾಸಿಗೆ ಒಗೆದಿದ್ದೆ. ಆದರೆ ಆ ನಟ್ಟುಗಳಲ್ಲಿ ಅವರ ಕೈಯ ಬಲ ಇನ್ನೂ ಹಾಗೇ ಕೂತಿತ್ತು. ಹಲ್ಲು ಕಚ್ಚಿ ಅವರು ಬಿಗಿಯುವಾಗ ಬೆಳಕು ಹಿಡಿದಿದ್ದವಳು ನಾನೇ. ಬಿಚ್ಚಿದರೆ ಅದೂ ಹೋಯಿತು. ಬಿಚ್ಚದಿದ್ದರೆ ಅವರು ಮಾಡಿದ್ದು ತಪ್ಪಾಗಿಯೇ ಉಳಿಯಿತು. ಎಷ್ಟೋ ದಿನ ಮಿಸ್ತ್ರಿಯ ಫೋನ್ ಎತ್ತಲಿಲ್ಲ. ಕೊನೆಗೊಂದು ಭಾನುವಾರ ಹೋಗಿ, 'ಬಿಚ್ರಿ, ಆದ್ರ ಮೊದಲನೇದು ನಾನ ಬಿಚ್ಚತೇನಿ' ಎಂದೆ.

ಬಿಚ್ಚಲು ಬರಲಿಲ್ಲ. ಅಷ್ಟು ಬಿಗಿಯಾಗಿತ್ತು. ಮಿಸ್ತ್ರಿ ನಟ್ಟು ಬಿಚ್ಚುವ ಪಾನಾಕ್ಕೆ ಉದ್ದನೆಯ ಪೈಪು ತೂರಿಸಿ ಕೊಟ್ಟ. ಇಡೀ ಮೈಭಾರ ಹಾಕಿದೆ. ಎಲುಬು ಮುರಿದಂಥ ಸದ್ದಿನೊಂದಿಗೆ ನಟ್ಟು ಸಡಿಲಾಯಿತು. ನಾನು ಅಲ್ಲೇ ಹಳೆಯ ಟೈರಿನ ಮೇಲೆ ಕೂತೆ. ಮಿಸ್ತ್ರಿ ಬೇರೆ ಕೆಲಸವಿದ್ದಂತೆ ಒಳಗೆ ಹೋದ.

ಎಂಜಿನ್ ಜೀಪಿನಲ್ಲಿ ಕೂತು ಚಾಲೂ ಆದ ದಿನ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಬೆಳ್ಳಗಿನ ಹೊಗೆ ಉಗುಳಿ, ಕೆಮ್ಮಿ, ಒಂದೇ ಸಮನೆ ಗುಡುಗತೊಡಗಿದಾಗ ನನಗೆ ಬಂದದ್ದು ಸಿಟ್ಟು. ಅವರಿಲ್ಲದೆಯೂ ಇದು ಇಷ್ಟು ಸುಲಭವಾಗಿ ಬದುಕಬಹುದಾದರೆ, ಅವರು ಯಾಕೆ ಅಷ್ಟು ದಿನ ಅದರ ಮುಂದೆ ಕೂತಿದ್ದರು? ಮಿಸ್ತ್ರಿ ನಗುತ್ತಿದ್ದ. ನಾನೂ ನಕ್ಕೆ.

ಡ್ರೈವಿಂಗ್ ಸ್ಕೂಲಿಗೆ ಹೋಗಿ, ನನ್ನ ಹಳೆಯ ವಿದ್ಯಾರ್ಥಿಗಳ ಜೊತೆಯೇ ಸಾಲಿನಲ್ಲಿ ನಿಂತು ಲೈಸೆನ್ಸ್ ಪಡೆದೆ. ಮೊದಲ ದೂರದ ಪ್ರಯಾಣ ಹುಕ್ಕೇರಿಗೆ, ಮೈದುನನ ಮನೆಗೆ. ಕರೆಯಲು ಬಂದಿದ್ದ ಮಹಾದೇವನೇ ಪಕ್ಕದಲ್ಲಿ ಕೂತಿದ್ದ. ಘಟಪ್ರಭಾ ದಾಟಿ, ಒಂದು ಇಳಿಜಾರಿನಲ್ಲಿ ನಿಲ್ಲಿಸಿ ಚಹಾ ಕುಡಿದು ಮತ್ತೆ ಹೊರಟೆವು. ಜೀಪು ಮುಂದೆ ಹೋಗಲೊಲ್ಲದು. ಎಷ್ಟು ಒತ್ತಿದರೂ ನರಳುತ್ತಿತ್ತು. ಕರಿ ಹೊಗೆ, ಸುಟ್ಟ ವಾಸನೆ ಬೇರೆ. ಇಷ್ಟು ತಿಂಗಳು ನುಂಗಿಕೊಂಡಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು.

'ಹೇಳಿದ್ನಿ ನಾನು, ನಿಮ್ಮ ಕೈಲೆ ಆಗೂದಿಲ್ಲ, ಬಿಡ್ರಿ ಅಂತ! ಕೇಳಿದ್ರೇನು? ಅರ್ಧಾ ಬಿಚ್ಚಿಟ್ಟು, ಚಹಾನೂ ಕುಡೀದ ಎದ್ದ ಹೋದ್ರಿ! ಈಗ ಯಾರ ಮಾಡ್ಬೇಕಿದನ್ನ?' ಎಂದು ಸ್ಟೇರಿಂಗ್ ಗುದ್ದಿ ಗುದ್ದಿ ಅತ್ತೆ. ಅವರು ಹೋದ ಮೇಲೆ ಅಷ್ಟು ಜೋರಾಗಿ ಅತ್ತದ್ದು ಅದೇ ಮೊದಲು.

ಮಹಾದೇವ ರಸ್ತೆಬದಿಯ ಕಬ್ಬಿನ ಕಡೆ ನೋಡುತ್ತ ಕೂತಿದ್ದ. ನಾನು ಸೆರಗಿನಿಂದ ಮುಖ ಒರೆಸಿಕೊಂಡ ಮೇಲೆ ಮೆಲ್ಲಗೆ ಹೇಳಿದ: 'ವೈನಿ, ಸಿಟ್ಟಾಗಬ್ಯಾಡ್ರಿ. ಹ್ಯಾಂಡ್ ಬ್ರೇಕ್ ಬಿಟ್ಟಿಲ್ರಿ ನೀವು.'

ನೋಡಿದೆ. ಹೌದು, ಬಿಟ್ಟಿರಲಿಲ್ಲ.

'ಗೊತ್ತೈತಿ' ಎಂದೆ. 'ಬ್ರೇಕ್ ಹಿಡೀತೈತೋ ಇಲ್ಲೋ ಅಂತ ನೋಡಾಕತ್ತಿದ್ನಿ.'