ಸತ್ತ ‘ವೀರ’ನಿಗೆ ಪ್ರಶಂಸಾ ಪತ್ರ

ಸೂರ್ಯವೀರ ಕಂಪನಿ ಗಾಳಿಯಾಡದ ಯಂತ್ರವನ್ನು ಬಿಸಿಲಿನ ಊರುಗಳಿಗೆ ಮಾರಿತು. ಯಂತ್ರಗಳು ಸತ್ತವು. ಸತ್ತದ್ದಕ್ಕೆ ನಮ್ಮಿಂದಲೇ ಧನ್ಯವಾದ ಬರೆಸಿಕೊಂಡಿತು. ಈ ಎಲ್ಲವೂ ನಿಯಮದ ಪ್ರಕಾರವೇ ನಡೆದಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿಗೆ ಅನ್ಯಾಯವಾಗಬಾರದು.

ಯಂತ್ರದ ಹೆಸರು ‘ವೀರ’. ಟಿವಿಗೆ ಜೋಡಿಸಿ ಕಾರು ಓಡಿಸುವ, ಚೆಂಡು ಒದೆಯುವ, ಗುಂಡು ಹಾರಿಸುವ ಗೇಮ್ ಡಬ್ಬಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಈ ಐದು ಊರುಗಳಲ್ಲಿ ದೀಪಾವಳಿ ಹೊತ್ತಿಗೆ ಆರುನೂರಕ್ಕೂ ಹೆಚ್ಚು ವೀರರು ಮನೆ ಸೇರಿದರು. ಚಳಿಗಾಲದಲ್ಲಿ ಚೆನ್ನಾಗಿ ಹೋರಾಡಿದರು. ಹೋಳಿ ಹುಣ್ಣಿಮೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಮಲಗಿದರು. ಮಲಗುವ ಮುಂಚೆ ಪರದೆಯ ಮೇಲೆ ಒಂದು ಕೆಂಪು ಸೂರ್ಯ ಮೂಡುತ್ತಿತ್ತು. ಆಮೇಲೆ ಕತ್ತಲೆ. ಕೆಂಪು ಸೂರ್ಯ ಕಂಪನಿಯ ಲಾಂಛನವೂ ಆಗಿದ್ದರಿಂದ ಬಹಳ ದಿನ ಜನ ಅದನ್ನು ಜಾಹೀರಾತು ಎಂದೇ ತಿಳಿದು ಕೈಕಟ್ಟಿ ನೋಡುತ್ತ ಕೂತಿದ್ದರು.

ವಾಡಿಯ ಸ್ಟೇಷನ್ ರೋಡಿನಲ್ಲಿ ಅಂಬಿಕಾ ಎಂಬಾಕೆ ತನ್ನ ಮನೆಯ ಮುಂದಿನ ಕೋಣೆಯಲ್ಲೇ, ಹುಡುಗರು ತಾಸಿನ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡುವ ಗೇಮ್ ಸೆಂಟರ್ ಇಟ್ಟಿದ್ದಳು. ಅಂಬಿಕಾ ಆರು ವರ್ಷ ಶಹಾಬಾದದ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ದುಡಿದವಳು. ಎದೆಯಲ್ಲಿ ಕಲ್ಲಿನ ಧೂಳು ಕೂತಿದೆ, ಇನ್ನೊಂದು ವರ್ಷ ಅಲ್ಲಿದ್ದರೆ ನಿನ್ನ ಉಸಿರಿಗೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಕಿವಿಯದು, ಕೊರಳದು ಮಾರಿ ಮೂರು ವೀರರನ್ನು ತಂದಳು. ಅಂಗಡಿ ನಡೆದರೆ ಉಸಿರು, ಮುಚ್ಚಿದರೆ ಮತ್ತೆ ಧೂಳು. ಆಕೆಯ ಲೆಕ್ಕ ಇಷ್ಟೇ.

ಏಪ್ರಿಲ್ ಮೊದಲ ವಾರದಲ್ಲಿ ಎರಡು ವೀರ ಸತ್ತವು. ರೇಡಿಯೋ, ಟಿವಿ ರಿಪೇರಿ ಮಾಡುವ ಗುಲಾಮ ದಸ್ತಗೀರ ಒಂದನ್ನು ಬಿಚ್ಚಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

“ಬೇಟೀ, ಇದರಾಗ ಫ್ಯಾನ್ ಇಡೋ ಜಾಗಾ ಅದ. ಫ್ಯಾನೇ ಇಲ್ಲ.”

“ಹಂಗಂದ್ರೇನ್ ಚಾಚಾ?”

“ಪೈಲ್ವಾನನ್ನ ಕಿಡಕಿ ಇಲ್ಲದ ಖೋಲಿಯಾಗ ಕುಂದ್ರಿಸಿ, ಬಾಗಿಲಾ ಹಾಕಿ, ಕುಸ್ತಿ ಆಡು ಅಂದಂಗ. ಎಷ್ಟೊತ್ತು ಆಡ್ತಾನ?”

ಅಂಬಿಕಾ ಸತ್ತ ಯಂತ್ರಗಳನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ಶಹಾಬಾದದ ಸೇವಾಕೇಂದ್ರಕ್ಕೆ ಹೋದಳು. ಅಲ್ಲಿ ಸುರೇಶಕುಮಾರ ಎಂಬ ಅಧಿಕಾರಿ ಇದ್ದ. ಆತನ ಹುದ್ದೆಯ ಹೆಸರು ಗ್ರಾಹಕ ನಿಷ್ಠಾ ಅಧಿಕಾರಿ. ರಿಪೇರಿ ಅಧಿಕಾರಿ ಎಂಬ ಹುದ್ದೆಯನ್ನು ಕಂಪನಿ ಸೃಷ್ಟಿಸಿರಲಿಲ್ಲ.

“ಬರ್ರಿ ಅಕ್ಕಾರ, ಕುಂದ್ರಿ.”

“ಕುಂದರಾಕ ಬಂದಿಲ್ಲರಿ ಸಾಹೇಬ್ರ. ಎರಡು ಮಷೀನ್ ಸತ್ತಾವ. ಬದಲಿ ಕೊಡ್ರಿ.”

ಸುರೇಶಕುಮಾರ ಎರಡೂ ಕಿವಿ ಮುಚ್ಚಿಕೊಂಡ. “ಅಕ್ಕಾರ, ಈಗ ನೀವಂದಿದ್ದು ನಾ ಕೇಳಿಲ್ಲ. ಕೇಳಿದ್ರ ಬರ್ಕೋಬೇಕಾಗ್ತದ. ಬರ್ಕೊಂಡ್ರ ಅದು ದೂರು ಆಗ್ತದ. ನಿಮ್ಮ ಮ್ಯಾಲ ನನಗ ಗೌರವ ಅದ.”

ನಂತರ ಗೋಡೆಯ ಮೇಲಿನ ಪ್ರಕಟಣೆಯನ್ನು ತೋರಿಸಿದ. ಅದರ ಯಥಾಪ್ರತಿ ಹೀಗಿದೆ:

“ನಿಷ್ಠಾವಂತ ಗ್ರಾಹಕರ ಬದಲಿ ಯೋಜನೆ. ನಿಯಮ ಒಂದು: ಕೆಟ್ಟ ಯಂತ್ರಕ್ಕೆ ಬದಲಿ ಯಂತ್ರ ಪಡೆಯುವ ಹಕ್ಕು ನಿಷ್ಠಾವಂತ ಗ್ರಾಹಕರಿಗೆ ಮಾತ್ರ ಇರತಕ್ಕದ್ದು. ನಿಯಮ ಎರಡು: ಯಂತ್ರ ಕೆಟ್ಟಿದೆ ಎಂದು ಹೇಳುವವರನ್ನು ನಿಷ್ಠಾವಂತರೆಂದು ಪರಿಗಣಿಸತಕ್ಕದ್ದಲ್ಲ. ನಿಯಮ ಮೂರು: ಮೇಲಿನ ಎರಡು ನಿಯಮಗಳು ಒಂದಕ್ಕೊಂದು ವಿರುದ್ಧವಾಗಿ ಕಂಡುಬಂದಲ್ಲಿ ಗ್ರಾಹಕರು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.”

“ಹಂಗಾರ ಸತ್ತದ ಅಂತ ಹ್ಯಾಂಗ ಹೇಳ್ಬೇಕ್ರಿ?” ಅಂಬಿಕಾ ಕೇಳಿದಳು.

“ಹೇಳಬಾರದ್ರಿ. ಹೊಗಳಬೇಕು. ಪ್ರಶಂಸಾ ಪತ್ರ ಬರೀರಿ. ಎಷ್ಟು ಛಂದ ಹೊಗಳ್ತೀರೋ ಅಷ್ಟು ಜಲ್ದಿ ನಮಗ ತಿಳೀತದ, ಮಷೀನ್ ಎಷ್ಟು ಕೆಟ್ಟದ ಅಂತ.”

“ಒಂದು ಸಣ್ಣ ಫ್ಯಾನ್ ಹಾಕಿ ಕೊಟ್ರ ಆಗಂಗಿಲ್ಲೇನ್ರಿ?”

“ಅದ್ಹ್ಯಾಂಗ ಆಗ್ತದ್ರಿ ಅಕ್ಕಾರ? ಈಗ ಫ್ಯಾನ್ ಹಾಕಿದ್ರ ಮೊದಲ ಫ್ಯಾನ್ ಇರಲಿಲ್ಲ ಅಂತ ಒಪ್ಪಿಕೊಂಡಂಗ ಆಗ್ತದ.”

ಇದು ಸರಿಯಾದ ಮಾತು ಎಂದು ಸಾಲಿನಲ್ಲಿ ನಿಂತವರೆಲ್ಲ ತಲೆಯಾಡಿಸಿದರು.

ಐದೂ ಊರುಗಳಿಂದ ಪ್ರಶಂಸಾ ಪತ್ರಗಳು ಬರತೊಡಗಿದವು. ನಮ್ಮ ಜನ ಅರ್ಜಿ ಬರೆಯುವುದರಲ್ಲಿ ಪಳಗಿದವರು, ಹೊಗಳುವುದರಲ್ಲಿ ಇನ್ನೂ ಹೆಚ್ಚು. ಸೇಡಂನ ಪೂನಮ್ ಎಂಬ ಟೀಚರು, “ನಿಮ್ಮ ಯಂತ್ರದ ದಯೆಯಿಂದ ಮೂರು ವಾರಗಳಿಂದ ನನ್ನ ಮಕ್ಕಳು ಪುಸ್ತಕ ಓದುತ್ತಿದ್ದಾರೆ” ಎಂದು ಬರೆದರು. ಚಿಂಚೋಳಿಯ ಕಾಶಪ್ಪ, “ತಂಗಳ ರೊಟ್ಟಿ ಇದರ ಮೇಲಿಟ್ಟರೆ ಒಲೆ ಹಚ್ಚುವ ಅಗತ್ಯವಿಲ್ಲ” ಎಂದರು. ಚಿತ್ತಾಪುರದ ಹತ್ತಿರದ ದಂಡೋತಿಯ ತಮ್ಮಣ್ಣನಂತೂ ಬೈಕಿನ ಟ್ಯಾಂಕಿನ ಮೇಲೆ ಕೆಂಪು ಸೂರ್ಯ ಬರೆಸಿಕೊಂಡ ಭಕ್ತ. ಆತನ ಪತ್ರ: “ನಮ್ಮ ವೀರ ಈಗ ಒಂದು ಹನಿ ಕರೆಂಟನ್ನೂ ಕುಡಿಯುವುದಿಲ್ಲ. ಇಂಥ ಸಂಯಮ ಮನುಷ್ಯರಲ್ಲೂ ಇಲ್ಲ.”

ಅಂಬಿಕಾಗೆ ಸುಳ್ಳು ಹೊಗಳಲು ಬರಲಿಲ್ಲ. ಆಕೆ ನಿಜ ಬರೆದಳು. ತಪ್ಪಾದದ್ದು ಅಲ್ಲಿಯೇ.

ಮೂರನೇ ವೀರ ಇನ್ನೂ ಉಸಿರಾಡುತ್ತಿತ್ತಲ್ಲ, ಅದಕ್ಕೆ ಕಾರಣ ಆಕೆಯ ತಾಯಿ ಮಾಣಿಕಮ್ಮ. ಒಂದು ಮಧ್ಯಾಹ್ನ ಡಬ್ಬಿಯ ಮೇಲೆ ಕೈಯಿಟ್ಟು ಸುಟ್ಟುಕೊಂಡ ಮಾಣಿಕಮ್ಮ, “ಇದಕ್ಕೇನ್ ಜ್ವರಾ ಬಂದದೇನ ಯವ್ವಾ?” ಎಂದು ಅದನ್ನೆತ್ತಿ ನೀರಿನ ಕೊಡ ಇಡುವ ಶಾಬಾದಿ ಕಲ್ಲಿನ ಮೇಲೆ ಕೂಡಿಸಿದ್ದಳು. ನಮ್ಮ ಕಡೆ ಆ ಕಲ್ಲು ಪ್ರತಿ ಮನೆಯಲ್ಲೂ ಇದೆ. ಕೊಡದ ಹನಿ ಬಿದ್ದು ಬಿದ್ದು ಮೇ ತಿಂಗಳಲ್ಲೂ ತಣ್ಣಗಿರುತ್ತದೆ. ಬೆಕ್ಕು ಅಲ್ಲೇ ಮಲಗುತ್ತದೆ. ಕೊಡಕ್ಕೆ ಸುತ್ತಿದಂತೆ ಸುತ್ತಲೂ ಒದ್ದೆ ಬಟ್ಟೆಯನ್ನೂ ಇಟ್ಟಳು. ವೀರ ಒಂದೇ ಸಮನೆ ಮೂರು ತಾಸು ಓಡಿತು, ಸಾಯಲಿಲ್ಲ. “ನಿಮ್ಮ ಯಂತ್ರವನ್ನು ನಾವು ನೀರಿನ ಕೊಡದಷ್ಟೇ ಜೋಪಾನ ಮಾಡುತ್ತಿದ್ದೇವೆ. ಕಲ್ಲಿನ ಮೇಲೆ ಕೂಡಿಸಿ ದಿನಕ್ಕೆ ಮೂರು ಸಲ ಬಟ್ಟೆ ಬದಲಿಸುತ್ತೇವೆ. ದಯವಿಟ್ಟು ಉಳಿದೆರಡಕ್ಕೆ ಬದಲಿ ಕೊಡಿ” ಎಂದು ಅಂಬಿಕಾ ಬರೆದಳು.

ಉಳಿದ ಪತ್ರಗಳಿಗೆ ಉತ್ತರ ಬರಲಿಲ್ಲ. ಈ ಪತ್ರಕ್ಕೆ ಎಂಟೇ ದಿನದಲ್ಲಿ ಮುಖ್ಯ ಕಚೇರಿಯಿಂದ ಮೂವರು ಎಂಜಿನಿಯರುಗಳು ಬಂದರು. ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಉದ್ದ ಅಳೆದರು, ದಪ್ಪ ಅಳೆದರು, ಬೆಕ್ಕನ್ನು ಎಬ್ಬಿಸಿ ಅದರ ಜಾಗವನ್ನೂ ಅಳೆದರು.

“ಅಮ್ಮಾ, ಈ ತಂತ್ರಜ್ಞಾನ ನಿಮಗೆ ಹೇಗೆ ಹೊಳೀತು?” ಹಿರಿಯ ಎಂಜಿನಿಯರು ಕೇಳಿದರು.

“ತಂತ್ರಜ್ಞಾನಲ್ಲಪಾ, ಬ್ಯಾಸಗಿ,” ಎಂದಳು ಮಾಣಿಕಮ್ಮ. “ನೀರ್ ಕುಡೀತೀರೇನ್?”

ನೀರು ಕುಡಿದು, ಕಲ್ಲಿನ ಫೋಟೋ ತೆಗೆದುಕೊಂಡು ಹೋದರು. ಬದಲಿ ಯಂತ್ರದ ವಿಷಯ ಅವರ ಇಲಾಖೆಗೆ ಬರುತ್ತಿರಲಿಲ್ಲ.

ಮೇ ತಿಂಗಳ ಕೊನೆಗೆ ಕಂಪನಿ ಹೊಸ ಯಂತ್ರ ಪ್ರಕಟಿಸಿತು. ಹೆಸರು ‘ವೀರ ಶಿಲಾ’. ಅದೇ ಡಬ್ಬಿ, ಅದೇ ಫ್ಯಾನ್ ಇಲ್ಲದ ಜಾಗ. ತಳಕ್ಕೆ ಮಾತ್ರ ಒಂದಡಿ ಚೌಕದ ಶಾಬಾದಿ ಕಲ್ಲು ಅಂಟಿಸಲಾಗಿತ್ತು. ಕಲ್ಲು ಶಹಾಬಾದದಿಂದ ಲಾರಿಯಲ್ಲಿ ಹೊರಟು, ಬಂದರು ಸೇರಿ, ಹಡಗು ಹತ್ತಿ, ಕಾರ್ಖಾನೆ ತಲುಪಿ, ಪೆಟ್ಟಿಗೆಯಲ್ಲಿ ಮಲಗಿ ಮತ್ತೆ ಶಹಾಬಾದಕ್ಕೆ ಬಂದಿತ್ತು. ಬೆಲೆ ಮೊದಲಿನದಕ್ಕಿಂತ ಒಂದೂವರೆ ಪಟ್ಟು. ಕಲ್ಲು ಅಷ್ಟು ದೂರ ತಿರುಗಿ ಬಂದಿದೆ, ಪುಕ್ಕಟೆ ಕೊಡಲಾಗುವುದೇ?

ಜೊತೆಗೆ ಒಂದು ಸೂಚನೆಯೂ ಹೊರಟಿತು: “ಹಳೆಯ ವೀರ ಯಂತ್ರವನ್ನು ಮಾನ್ಯತೆ ಇಲ್ಲದ ಮನೆಕಲ್ಲುಗಳ ಮೇಲೆ ಇಡುವುದು ನಿಷ್ಠಾಭಂಗ. ಅಂಥ ಕಲ್ಲುಗಳು ಕಂಪನಿಯ ವಿನ್ಯಾಸದ ನಕಲು ಎಂದು ಭಾವಿಸಲಾಗುವುದು.”

ಸೂಚನೆ ಜಾರಿಗೆ ತರಲು ಸುರೇಶಕುಮಾರ ತಾನೇ ವಾಡಿಗೆ ಬಂದ. ಕಲ್ಲಿನ ಬಳಿ ಮಾಣಿಕಮ್ಮ ಕೂತಿದ್ದಳು.

“ಅವ್ವಾರ, ಮಷೀನ್ ಕಲ್ಲ ಮ್ಯಾಲಿಂದ ಇಳಸ್ರಿ. ಈ ಕಲ್ಲು ನಕಲಿ ಅದ.”

“ನನ್ನ ಅತ್ತಿ ಹಾಕಿಸಿದ ಕಲ್ಲಪಾ ಇದು. ನಿನ್ನ ಕಂಪನಿ ಹುಟ್ಟಿದ್ದು ಯಾವಾಗ?”

“ಎಂಟು ವರ್ಷ ಆತ್ರಿ.”

“ಹಂಗಾರ ನನ್ನ ಅತ್ತಿ ಸತ್ತ ಮ್ಯಾಲ ಎದ್ದು ಬಂದು ನಿಮ್ಮದು ನಕಲು ಮಾಡ್ಯಾಳೇನ್?”

“ಅದು ನನಗ ಗೊತ್ತಿಲ್ಲರಿ. ಆದ್ರ ಇಳಸಲಿಲ್ಲಂದ್ರ ಅಂಬಿಕಾ ಅಕ್ಕಾರ ನಿಷ್ಠಾ ಅರ್ಜಿ ರದ್ದಾಗ್ತದ. ಎರಡು ಮಷೀನೂ ಹೋದಂಗ.”

ಬದಲಿಯ ಆಸೆಗೆ ಅಂಬಿಕಾ ತಾನೇ ಯಂತ್ರ ಇಳಿಸಿದಳು. ಮೂರನೇ ವೀರ ಆ ಮಧ್ಯಾಹ್ನ ನಲವತ್ತು ನಿಮಿಷ ಬದುಕಿತು. ಸುರೇಶಕುಮಾರ ಎದ್ದು ನಿಂತು ಗೌರವ ಸಲ್ಲಿಸಿ, ಸಹಿ ಪಡೆದು ಹೊರಟ.

ಬಿಡುಗಡೆ ಸಮಾರಂಭ ಸೇಡಂನ ಕಲ್ಯಾಣ ಮಂಟಪದಲ್ಲಿ ನಡೆಯಿತು. ಐದೂ ಊರುಗಳ ನಿಷ್ಠಾವಂತರು ಬೆಳಗಿನಿಂದ ಸಾಲು ಹಚ್ಚಿದ್ದರು. ಮೊದಲಿಗೆ ಎಲ್ಲರೂ ಬಲಗೈ ಮುಂದೆ ಚಾಚಿ ಪ್ರತಿಜ್ಞೆ ಮಾಡಿದರು: “ನಾನು ಕೊಂಡ ಯಂತ್ರ ಕೆಟ್ಟಿಲ್ಲವೆಂದೂ, ಕೆಟ್ಟಿದ್ದರೆ ಅದು ನನ್ನ ಊರಿನ ಬಿಸಿಲಿನ ತಪ್ಪೆಂದೂ, ಕಂಪನಿಗೆ ನನ್ನ ಊರಿನ ಪರವಾಗಿ ಕ್ಷಮೆ ಕೇಳುತ್ತೇನೆಂದೂ ಪ್ರಮಾಣ ಮಾಡುತ್ತೇನೆ.” ಕ್ಷಮೆಯನ್ನು ಕಂಪನಿ ದೊಡ್ಡ ಮನಸ್ಸಿನಿಂದ ಸ್ವೀಕರಿಸಿತು. ಚಪ್ಪಾಳೆ ಬಿದ್ದವು.

ಅಂಬಿಕಾಗೆ ವೇದಿಕೆಯ ಮೇಲೆ ‘ಸುವರ್ಣ ನಿಷ್ಠೆ’ ಪ್ರಮಾಣಪತ್ರ ಕೊಟ್ಟರು. ಹೂವಿನ ಹಾರ ಹಾಕಿದರು.

“ಬದಲಿ ಮಷೀನ್ ಎಲ್ಲದ್ರಿ?” ಆಕೆ ಮೈಕಿಗೆ ಕೇಳುವಂತೆಯೇ ಕೇಳಿದಳು.

“ಇದೇ ಅಲ್ಲೇನ್ರಿ ಅಕ್ಕಾರ?” ಸುರೇಶಕುಮಾರ ನಕ್ಕ. “ಈ ಪತ್ರ ತೋರಿಸಿದ್ರ ಸಾಲಿನಾಗ ಎಲ್ಲರಕಿಂತ ಮುಂದ ನಿಂತು ಹೊಸಾದು ಖರೀದಿ ಮಾಡಬಹುದು. ಬದಲಿ ಅಂದ್ರ ಫುಕಟ್ ಅಂತ ಎಲ್ಲಿ ಬರ್ದದ್ರಿ?”

“ನನ್ನವ್ವನ ಕಲ್ಲು ನನಗೇ ಮಾರಾಕತ್ತೀರಿ, ಅದನ್ನ ಕೊಳ್ಳಾಕ ನಾ ಮುಂದ ನಿಂದರಬೇಕು?”

ಆಗ ಸಾಲಿನಿಂದ ತಮ್ಮಣ್ಣ ಕೂಗಿದ. ಆತನ ಮನೆಯಲ್ಲಿ ಎರಡು ವೀರ ಸತ್ತಿದ್ದವು, ಮೂರನೆಯದಕ್ಕೆ ಬಂದಿದ್ದ. “ಏ ಯಕ್ಕಾ, ಕಂಪನಿಗೆ ತ್ರಾಸ ಬಂದಾಗ ಕೈ ಬಿಡ್ತೀಯೇನ್? ಖರೇ ಗಿರಾಕಿ ಅಂದ್ರ ಹಿಂಗಿರಬೇಕೇನ್?”

“ತಮ್ಮಾ, ತ್ರಾಸ ಬಂದದ್ದು ನನಗಲ್ಲೋ?”

“ನಿನಗ ಒಬ್ಬಾಕಿಗೆ ಬಂದದ. ಕಂಪನಿಗೆ ಆರುನೂರು ಮಂದಿ ಕಡಿಂದ ಬಂದದ! ನಮ್ಮ ಕಲ್ಲು ಫಾರಿನ್‌ಗೆ ಹೋಗಿ ಬಂದದ ಅಂತ ಎದಿ ಉಬ್ಬಬೇಕು ನಿನಗ.”

ಅಂಬಿಕಾ ಕೆಮ್ಮಿದಳು. ಜನ ಅದನ್ನು ಒಪ್ಪಿಗೆ ಎಂದು ತಿಳಿದು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು. ಸಂಜೆಯೊಳಗೆ ಎಲ್ಲ ಪೆಟ್ಟಿಗೆಗಳೂ ಖಾಲಿಯಾದವು. ಕಾಶಪ್ಪನವರು ಮಾತ್ರ ಕೊಳ್ಳುವ ಮೊದಲು, ಕಲ್ಲು ಅಂಟಿಸಿದ ಮೇಲೆ ರೊಟ್ಟಿ ಬಿಸಿಯಾಗುತ್ತದೋ ಇಲ್ಲವೋ ಎಂದು ವಿಚಾರಿಸಿದರು.

ಗೇಮ್ ಸೆಂಟರಿಗೆ ಬೀಗ ಬಿತ್ತು. ಮಾರಾಟ ಚೆನ್ನಾಗಿ ಆದದ್ದರಿಂದ ಕಂಪನಿ ಶಹಾಬಾದದ ಪಾಲಿಶ್ ಕಾರ್ಖಾನೆಗೆ ಇನ್ನೂ ಐದು ಸಾವಿರ ಕಲ್ಲುಗಳ ಆರ್ಡರ್ ಕೊಟ್ಟಿತು. ಕೆಲಸ ಗೊತ್ತಿದ್ದವರು ಬೇಕಾಗಿದ್ದರು. ಅಂಬಿಕಾ ಈಗ ಮತ್ತೆ ಅಲ್ಲಿದ್ದಾಳೆ, ಮೂಗಿಗೆ ಸೆರಗು ಕಟ್ಟಿಕೊಂಡು ದಿನಕ್ಕೆ ಎಂಟು ತಾಸು ವೀರ ಶಿಲಾದ ತಳ ಉಜ್ಜುತ್ತಾಳೆ. ಕಂಪನಿಯ ಹೊಸ ಜಾಹೀರಾತಿನಲ್ಲಿ ಆಕೆಯ ಫೋಟೋ ಇದೆ: “ನಿನ್ನೆ ಗ್ರಾಹಕಿ, ಇಂದು ನಮ್ಮ ಕುಟುಂಬ.” ಮುಖ ಮುಚ್ಚಿರುವುದರಿಂದ ಹೆಚ್ಚಿನವರು ಗುರುತು ಹಿಡಿದಿಲ್ಲ. ಹಿಡಿದವರೂ, ಫೋಟೋ ಬಂದದ್ದಕ್ಕೆ ಮಾಣಿಕಮ್ಮನಿಗೆ ಪೇಡೆ ಕೇಳಿದ್ದಾರೆ.

“ಪೇಡಾ ಕೊಡ್ತೀನಿ,” ಎಂದಳಂತೆ ಮಾಣಿಕಮ್ಮ. “ಆಕಿ ರಾತ್ರಿಯೆಲ್ಲಾ ಕೆಮ್ಮೋದು ಬಂದು ಒಮ್ಮಿ ಕೇಳ್ಕೊಂಡು ಹೋಗ್ರಿ, ಕೈಯಾಗ ಕೊಡ್ತೀನಿ.” ಯಾರೂ ಹೋಗಿಲ್ಲ. ಎಲ್ಲರ ಮನೆಯಲ್ಲೂ ಹೊಸ ಯಂತ್ರ ಓಡುತ್ತಿದೆ, ಹೊರಡಲು ಪುರುಸೊತ್ತಿಲ್ಲ. ಹೀಗೆ ಎಲ್ಲವೂ ಸುಸೂತ್ರವಾಗಿದೆ.

ಇದನ್ನು ಓದುತ್ತಿರುವ ನಿನ್ನ ಮನೆಯಲ್ಲೂ ಒಂದು ಸತ್ತ ವೀರ ಇದೆ. ಅಟ್ಟದ ಮೇಲೋ ಮಂಚದ ಕೆಳಗೋ ಇಟ್ಟಿದ್ದೀಯ. ಹೊಗಳಿ ಪತ್ರ ಬರೆದವರಲ್ಲಿ ನೀನೂ ಒಬ್ಬ. ಚಪ್ಪಾಳೆ ತಟ್ಟಿದ ಕೈ ಕೂಡ ನಿನ್ನದೇ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಹೊತ್ತುಕೊಂಡು ಶಹಾಬಾದದ ಸೇವಾಕೇಂದ್ರಕ್ಕೆ ಬಾ. ಒಂದು ಬಿಳಿ ಹಾಳೆ ತಾ. ಹೊಗಳಬೇಡ, ಬೇಡಿಕೊಳ್ಳಬೇಡ, ನಿಯಮ ಓದಬೇಡ. ‘ಕೆಟ್ಟಿದೆ’ ಎಂದು ಒಂದೇ ಮಾತು ಬರೆದು, ಕೆಳಗೆ ನಿನ್ನ ಹೆಸರು ಹಾಕಿ, ಸುರೇಶಕುಮಾರನ ಮೇಜಿನ ಮೇಲಿಡು. ಬರೆದುಕೊಂಡು ರಸೀದಿ ಕೊಡುವವರೆಗೂ ಅಲ್ಲಿಂದ ಏಳಬೇಡ.