ಚರ್ಮದ ಜಾಕೆಟ್ಟೂ ಇಲ್ಲದ ಕಾರೂ

ಐವತ್ತು ದಾಟಿದವರಿಗೆ ಒಂದೊಂದು ಕಾಟ ಶುರುವಾಗುತ್ತದೆ. ಕೆಲವರಿಗೆ ಮಂಡಿನೋವು, ಕೆಲವರಿಗೆ ವೇದಾಂತ. ನನಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಶುರುವಾಯಿತು. ಅದು ಹೋಗಿ ನಿಂತದ್ದು ಒಂದು ಕರಿ ಚರ್ಮದ ಜಾಕೆಟ್ಟಿನಲ್ಲಿ.

ಈ ಹುಚ್ಚು ಹತ್ತಿಸಿದವನು ಕ್ಲಿಯರ್ ಲೇಕ್ ಊರಿನ ನಮ್ಮ ಆಫೀಸಿನ ಅಮೆರಿಕನ್ ಸಹೋದ್ಯೋಗಿ ಅರ್ಲ್. ಹಳೆಯ ಕಾರಿನ ಚಾವಣಿ ಕುಯ್ದು ತಗ್ಗಿಸಿ, ಬಾನೆಟ್ ಕಿತ್ತೆಸೆದು, ದೊಡ್ಡ ಎಂಜಿನ್ ಕೂರಿಸಿ ಓಡಿಸುವುದು ಅವನ ಹವ್ಯಾಸ. ಅಂಥ ಕಾರಿಗೆ ಹಾಟ್ ರಾಡ್ ಎನ್ನುತ್ತಾರೆ. "ಎರಡನೇ ಮಹಾಯುದ್ಧ ಮುಗಿಸಿ ಬಂದ ಹುಡುಗರಿಂದ ಇದೆಲ್ಲ ಬೆಳೆದದ್ದು. ಗ್ರೀಸ್ ಕೆಲಸಕ್ಕೆ ಜೀನ್ಸು, ಬಿಳಿ ಟೀ ಶರ್ಟು, ಗಾಳಿಗೆ ಜಾಕೆಟ್ಟು. ಆಮೇಲೆ ಅದೇ ಫ್ಯಾಷನ್ ಆಯಿತು" ಎಂದಿದ್ದ. ಪಂಕ್ಚರ್ ಆದರೂ ಫೋನ್ ಮಾಡಿ ಯಾರನ್ನಾದರೂ ಕರೆಸುವವನು ನಾನು. ಕಾರು ಕಟ್ಟಲಾರೆ, ನಿಜ. ಬಟ್ಟೆ ತೊಡಬಾರದೆಂದು ಎಲ್ಲಿದೆ?

ಆಸ್ಟಿನ್ ನಗರದಲ್ಲಿ ನಡೆಯುವ ಇಂಥ ಕಾರುಗಳ ಪ್ರದರ್ಶನಕ್ಕೆ ಅವನು ಕರೆದಾಗ ಜೀನ್ಸಿನ ಕಾಲು ಮಡಚಿ, ಕೂದಲಿಗೆ ಜಿಡ್ಡು ಬಳಿದು, ಜಾಕೆಟ್ ಏರಿಸಿದೆ. ಹುಬ್ಬಳ್ಳಿಯವಳಾದ ನನ್ನ ಹೆಂಡತಿ ಸುಜಾತಾ, "ಹೊರಗ ಕೆಂಡದಂಥಾ ಬಿಸಲೈತ್ರಿ. ಅದರಾಗ ಕುದ್ದು ಹೋಗ್ತೀರಿ" ಎಂದಳು.

ಕುದ್ದೆ. ನಿಜವಾಗಿ ಕಾರು ಕಟ್ಟಿದ್ದ ಮುದುಕರೆಲ್ಲ, ಅರ್ಲ್ ಕೂಡ, ಚಡ್ಡಿ ಚಪ್ಪಲಿಯಲ್ಲಿ ನೆರಳು ಹಿಡಿದು ಕೂತಿದ್ದರು. ಚುಕ್ಕಿ ಫ್ರಾಕಿನ ಯುವತಿಯೊಬ್ಬಳು ನನ್ನ ಫೋಟೋ ತೆಗೆದು, "ನಿಮ್ಮ ಕಾರು ಯಾವುದು?" ಎಂದಳು.

"ಮನೆಯಲ್ಲಿದೆ. ಇನ್ನೂ ಕಟ್ಟುತ್ತಿದ್ದೇನೆ" ಎಂದುಬಿಟ್ಟೆ.

ಅದು ಅರ್ಲ್‌ನ ಕಿವಿಗೂ ಬಿತ್ತು. ಎದ್ದು ಬಂದು ನನ್ನನ್ನು ತಬ್ಬಿಕೊಂಡ. "ಇಷ್ಟು ದಿನ ಹೇಳಲೇ ಇಲ್ಲವಲ್ಲಯ್ಯ! ಶನಿವಾರ ಬರುತ್ತೇನೆ."

ಆ ವಾರವಿಡೀ ನಿಜ ಹೇಳಿಬಿಡೋಣವೆಂದು ಅವನ ಮೇಜಿನ ತನಕ ದಿನಕ್ಕೆ ನಾಲ್ಕು ಸಲ ಹೋಗುತ್ತಿದ್ದೆ. ಅವನ ನಗುಮುಖ ನೋಡಿ ಕಾಫಿ ಕೊಟ್ಟು ಬರುತ್ತಿದ್ದೆ.

ಶನಿವಾರ ಬೆಳಿಗ್ಗೆ ಉಪಕರಣದ ಪೆಟ್ಟಿಗೆ ಹೊತ್ತು ಪೇರ್ಲ್ಯಾಂಡಿನ ನಮ್ಮ ಮನೆಗೆ ಬಂದೇಬಿಟ್ಟ. ಗ್ಯಾರೇಜಿನ ಬಾಗಿಲು ಮೇಲೇರಿತು. ಒಳಗಿದ್ದದ್ದು ನಮ್ಮ ಮಿನಿವ್ಯಾನು, ಪಕ್ಕದಲ್ಲಿ ಎರಡು ಮೂಟೆ ಸೋನಾ ಮಸೂರಿ.

"ಎಲ್ಲಿ?" ಎಂದ.

"ಇಲ್ಲ" ಎಂದೆ. ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ.

ಅವನು ವ್ಯಾನಿಗೆ ಒಂದು ಸುತ್ತು ಹಾಕಿದ. "ಇದರ ಎಂಜಿನ್ ಆಯಿಲ್ ಬದಲಿಸಿದ್ದು ಯಾವಾಗ?" ನನಗೆ ಗೊತ್ತಿರಲಿಲ್ಲ. "ಸರಿ, ಕೆಳಗೆ ಮಲಗು" ಎಂದ.

ಯಾವುದೋ ತಿರುಪು ತಿರುಗಿಸಿದೆ. ಕರಿ ಎಣ್ಣೆ ಕೊರಳಿನಿಂದ ಸೊಂಟದವರೆಗೆ ಸುರಿಯಿತು. ಚಹಾ ತಂದ ಸುಜಾತಾ, "ಈ ಅಂಗಿ ಮಷೀನಿನ್ಯಾಗ ಹಾಕಿದ್ರ ನೋಡ್ರಿ ಮತ್ತ!" ಎಂದಳು. ನನ್ನ ಅವತಾರ ನೋಡಿ ಅರ್ಲ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನು ಕ್ಷಮಿಸಿದ್ದು ಆಗಲೇ ಇರಬೇಕು.

ಸೋಮವಾರ ಉಗುರಿನ ಕರಿಯನ್ನು ಬೇಕೆಂದೇ ತೊಳೆಯದೆ ಆಫೀಸಿಗೆ ಹೋದೆ. ಮೀಟಿಂಗಿನಲ್ಲಿ ಎಲ್ಲರಿಗೂ ಕಾಣುವಂತೆ ಎರಡೂ ಕೈ ಮೇಜಿನ ಮೇಲೆ ಚಾಚಿ ಕೂತೆ. ಯಾರಾದರೂ ಕೇಳಲಿ ಎಂದು ಕಾದೆ. ಎದುರು ಕೂತಿದ್ದ ಮ್ಯಾನೇಜರ್ ಒಂದು ಕ್ಷಣ ನೋಡಿದರು. ಆಮೇಲೆ ಸ್ಯಾನಿಟೈಸರ್ ಬಾಟಲಿಯನ್ನು ನನ್ನತ್ತ ತಳ್ಳಿದರು.